ತೆಂಗಿನ ಸುಳಿ ನೋಡೋ ಕ್ಯಾಮೆರಾ: ಉದ್ದ ಜೂಮಿನ ಕತೆ

ಕೊಬ್ಬರಿ ಕೊಳ್ಳೋರು ಗಿಟುಕು ದಪ್ಪ ಐತೆ ಅಂತ ಅಷ್ಟಕ್ಕೇ ಬೆಲೆ ಕಟ್ಟಲ್ಲ ಕಣ್ರೀ. ಕೈಯಲ್ಲಿ ಹೊರಳಿಸಿ ಬಣ್ಣ ನೋಡ್ತಾರೆ, ಒಡೆದು ಒಳಗಿನ ಬಿಳುಪು ನೋಡ್ತಾರೆ, ಬೂಷ್ಟು ಹಿಡಿದೈತಾ ಅಂತ ಮೂಸಿ ನೋಡ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹುಟ್ಟಿದ ಹೆಣ್ಣುಮಕ್ಕಳಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ನಾವು ಕ್ಯಾಮೆರಾ ಕೊಳ್ಳೋವಾಗ ಮಾತ್ರ "ಜೂಮ್ ಎಷ್ಟು ಪಟ್ಟು?" ಅಂತ ಒಂದೇ ಮಾತು ಕೇಳಿ ದುಡ್ಡು ಎಣಿಸಿ ಬರ್ತೀವಿ.

ನಮ್ಮ ಮನೇಲಿ 60 ಪಟ್ಟು ಜೂಮಿನದು ಒಂದೈತೆ. ಮಗ ಹಕ್ಕಿ ಫೋಟೋ ತೆಗೆಯೋಕೆ ಅಂತ ತಂದದ್ದು. ಈಗ ಹೆಚ್ಚಾಗಿ ನನ್ನ ಕೈಲೇ ಇರ್ತೈತೆ, ಯಾಕಂದ್ರೆ ನಾನು ಅದ್ರಲ್ಲಿ ತೆಂಗಿನ ಮರದ ತಲೆ ನೋಡ್ತೀನಿ. ಮರ ಹತ್ತೋರು ಕರೆದಾಗ ಸಿಗೋ ಕಾಲ ಹೋಯ್ತು. ಅರವತ್ತು ಅಡಿ ಮೇಲೆ ಗರಿ ಕಂದಾಗಿ ಕಂಡ್ರೆ ಅದು ಕಪ್ಪುತಲೆ ಹುಳವೋ, ಬಿಳಿ ನೊಣವೋ, ಬರೀ ನೀರಿನ ಕೊರತೆಯೋ ಅಂತ ಕೆಳಗೆ ನಿಂತು ಹೇಳೋದು ಹೆಂಗೆ? ಹುಳಕ್ಕೆ ಮಾಡೋದೇ ಬೇರೆ, ನೊಣಕ್ಕೆ ಮಾಡೋದೇ ಬೇರೆ. ಒಂದಕ್ಕೊಂದು ತಿಳ್ಕಂಡು ಔಷಧಿ ಹೊಡೆದ್ರೆ ದುಡ್ಡೂ ಹೋಯ್ತು, ಆ ಪಿಡುಗನ್ನ ತಿನ್ನೋ ಒಳ್ಳೆ ಹುಳಗಳೂ ಸತ್ತವು. ಹಂಗಾಗಿ ಈ ಕ್ಯಾಮೆರಾ ತೋರಿಸೋದನ್ನ ಎಷ್ಟು ನಂಬಬಹುದು ಅನ್ನೋದು ನನಗೆ ಶೋಕಿ ಮಾತಲ್ಲ. ಅದಕ್ಕೇ ಈ ಉದ್ದ ಜೂಮು ಎಲ್ಲಿಂದ ಬಂತು ಅಂತ ಓದಿ ತಿಳ್ಕಂಡೆ, ನಿಮಗೂ ಹೇಳ್ತೀನಿ.

ಮೊದಲು ರೀಲಿನ ಕಾಲದಿಂದ ಶುರು ಮಾಡಾನ. ನಮ್ಮ ಕರ್ನಾಟಕದಲ್ಲಿ ಕಾಡುಪ್ರಾಣಿ, ಹಕ್ಕಿ ಫೋಟೋ ಅಂದ್ರೆ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಇವರ ಹೆಸರು ಮುಂದೆ ಬರ್ತವೆ. ಘೋರ್ಪಡೆಯವರು ರಾಜ್ಯದಲ್ಲಿ ಮಂತ್ರಿ ಆಗಿದ್ದೋರು. ಅವರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಅನ್ನೋ ಫೋಟೋ ಪುಸ್ತಕ 1983ರಲ್ಲಿ ಬಂತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಂತೂ ತೋಟಾನೂ ನೋಡ್ಕಂಡು, ಕತೆ ಕಾದಂಬರೀನೂ ಬರ್ಕಂಡು, ಹಕ್ಕಿ ಹಿಂದೆ ಕ್ಯಾಮೆರಾ ಹಿಡ್ಕಂಡು ಅಲೆದೋರು. ಆಗ ಒಂದು ರೀಲಿಗೆ 36 ಚಿತ್ರ. ತೊಳೆಸಿ ಪ್ರಿಂಟ್ ಹಾಕಿಸೋವರೆಗೂ ಏನು ಬಂದೈತೆ ಅಂತ ಗೊತ್ತಾಗ್ತಿರಲಿಲ್ಲ. ಹಕ್ಕಿ ಹಿಂದೆ ಹೋಗೋರ ಉದ್ದ ಲೆನ್ಸು ಹೆಚ್ಚಾಗಿ ಜೂಮೇ ಅಲ್ಲ, 300, 400 ಮಿಲಿಮೀಟರ್ ಅಂತ ಒಂದೇ ಅಳತೇದು. ಹತ್ತಿರ ಬೇಕು ಅಂದ್ರೆ ನಡ್ಕಂಡು ಹೋಗಬೇಕು, ಇಲ್ಲಾ ಮರೆ ಕಟ್ಕಂಡು ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂರಬೇಕು. ಚಿತ್ರ ಚೆನ್ನಾಗೈತಾ ಅಂತ ನೋಡೋಕೆ ಅವತ್ತಿಂದ ಬಂದ ಅಳತೆ ಒಂದೈತೆ: ಹಕ್ಕಿ ಕಣ್ಣು ಚೂಪಾಗಿ ಬಂದೈತಾ, ಪುಕ್ಕದ ಗೆರೆ ಒಂದೊಂದೂ ಬಿಡಿಬಿಡಿಯಾಗಿ ಕಾಣ್ತೈತಾ?

ಫೋಟೋ ಕ್ಯಾಮೆರಾಕ್ಕೆ ಅಂತ ಮೊದಲು ಮಾರಾಟಕ್ಕೆ ಬಂದ ಜೂಮ್ ಲೆನ್ಸು ಜರ್ಮನಿಯ ಫೋಕ್ಟ್‌ಲೆಂಡರ್ ಕಂಪನಿಯ 'ಜೂಮಾರ್', 1959ರಲ್ಲಿ. ಅದರ ಅಳತೆ 36ರಿಂದ 82 ಮಿಲಿಮೀಟರ್. ಇವತ್ತಿನ ಲೆಕ್ಕದಲ್ಲಿ ಎರಡೂಕಾಲು ಪಟ್ಟು, ಅಷ್ಟೇ! 1975ರಲ್ಲಿ ಅಮೆರಿಕದ ಕೊಡ್ಯಾಕ್ ಕಂಪನೀಲಿ ಸ್ಟೀವನ್ ಸ್ಯಾಸನ್ ಅನ್ನೋ ಹುಡುಗ ಇಂಜಿನಿಯರು ರೀಲೇ ಇಲ್ಲದ ಕ್ಯಾಮೆರಾ ಮಾಡಿದ. ತೂಕ ಮೂರೂವರೆ ಕೇಜಿ ಮೇಲೆ. ಒಂದು ಕಪ್ಪು ಬಿಳುಪು ಚಿತ್ರಾನ ಕ್ಯಾಸೆಟ್ಟಿಗೆ ಇಳಿಸೋಕೆ 23 ಸೆಕೆಂಡು. ಚಿತ್ರದಲ್ಲಿ ಒಟ್ಟು ಚುಕ್ಕಿ ಹತ್ತು ಸಾವಿರ, ಅಂದ್ರೆ ಅಡ್ಡ ನೂರು, ಉದ್ದ ನೂರು. ಚುಕ್ಕಿ ರಂಗೋಲಿ ಹಾಕೋ ನಮಗೆ ಇದು ಬೇಗ ಅರ್ಥ ಆಗ್ತೈತೆ. ಚುಕ್ಕಿ ಕಮ್ಮಿ ಇದ್ರೆ ನವಿಲು ನವಿಲಿನ ಥರ ಬರಲ್ಲ.

ಉದ್ದ ಲೆನ್ಸಿಗೆ ದೊಡ್ಡ ಶತ್ರು ಕೈ ನಡುಕ. ಅದನ್ನ ತಡೆಯೋ ಏರ್ಪಾಡು ಇರೋ ಕೆನಾನ್ ಲೆನ್ಸು 1995ರಲ್ಲಿ ಬಂತು. 2000ದಲ್ಲಿ ಒಲಿಂಪಸ್‌ನೋರು 10 ಪಟ್ಟು ಜೂಮಿನ ಡಿಜಿಟಲ್ ಕ್ಯಾಮೆರಾ ಒಂದಕ್ಕೆ ಇಂಥದ್ದೇ ಏರ್ಪಾಡು ಇಟ್ರು. ಅದರದ್ದು ಎರಡು ಮೆಗಾಪಿಕ್ಸೆಲ್, ಅಂದ್ರೆ ಇಪ್ಪತ್ತು ಲಕ್ಷ ಚುಕ್ಕಿ. ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಅದು ಸಾಕು. ಆಮೇಲೆ ಪೈಪೋಟಿ ಬಿತ್ತು ನೋಡಿ. 2012ರಲ್ಲಿ ಕೆನಾನ್‌ನೋರು 50 ಪಟ್ಟು ಅಂದ್ರು. 2015ರಲ್ಲಿ ನಿಕಾನ್‌ನೋರು 83 ಪಟ್ಟಿನ ಪಿ900 ತಂದ್ರು, 2018ರಲ್ಲಿ ಅವರೇ 125 ಪಟ್ಟಿನ ಪಿ1000 ತಂದ್ರು.

ಇಷ್ಟೊಂದು ಪಟ್ಟು ಒಂದು ಕೈಚೀಲದಲ್ಲಿ ಹಿಡಿಸೋದು ಹೆಂಗೆ? ಒಳಗಿನ ಗುಟ್ಟು ಇಷ್ಟೇ. ರೀಲಿನ ಒಂದು ಚೌಕ 36 ಮಿಲಿಮೀಟರ್ ಅಗಲ, 24 ಎತ್ತರ. ಬೆಂಕಿಪೊಟ್ಟಣಕ್ಕಿಂತ ವಸಿ ಚಿಕ್ಕದು. ಇಂಥ ಜೂಮ್ ಕ್ಯಾಮೆರಾಗಳಲ್ಲಿ ಬಹಳಷ್ಟರ ಒಳಗೆ ಬೆಳಕು ಹಿಡಿಯೋ ಬಿಲ್ಲೆ, ಅದೇ ಸೆನ್ಸರು, ಹತ್ತತ್ರ 6 ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಒಂದು ತೊಗರಿಬೇಳೆ ಅಂದ್ಕಳಿ. ರೀಲಿನ ಚೌಕದಲ್ಲಿ ಮೂವತ್ತರಲ್ಲಿ ಒಂದು ಪಾಲು. ಬಿಲ್ಲೆ ಚಿಕ್ಕದಾದಷ್ಟೂ ಸಣ್ಣ ಲೆನ್ಸೇ ಉದ್ದದ್ದರ ಕೆಲಸ ಮಾಡ್ತೈತೆ. ಪಿ1000 ಡಬ್ಬಿ ಮೇಲೆ 3000 ಮಿಲಿಮೀಟರಿಗೆ ಸಮ ಅಂತಾರೆ, ನಿಜವಾದ ಲೆನ್ಸಿನ ಉದ್ದ 539. ಮೋಸ ಅಂತಲ್ಲ, ಹೋಲಿಕೆ ಲೆಕ್ಕ. ಆದ್ರೆ ಬೆಳಕು ಮಾತ್ರ ಬೇಳೆ ಹಿಡಿಯೋವಷ್ಟೇ. ಅದೂ ಅಲ್ದೆ ಪೂರ್ತಿ ಜೂಮು ಎಳೆದಾಗ ಆ ಲೆನ್ಸು ಬಿಲ್ಲೆಗೆ ಬಿಡೋ ಬೆಳಕು, ಎಳೆಯದೆ ಇದ್ದಾಗಿನ ಎಂಟರಲ್ಲೊಂದು ಪಾಲಿಗೆ ಇಳಿತೈತೆ. ಬೆಳಕು ಸಾಲದೇ ಹೋದ್ರೆ ಕ್ಯಾಮೆರಾ ಇದ್ದದ್ದನ್ನೇ ಹಿಗ್ಗಿಸ್ತೈತೆ. ಆಗ ಚಿತ್ರದ ತುಂಬಾ ರವೆ ಚೆಲ್ಲಿದಂಗೆ ಕಾಣ್ತೈತೆ. ಆ ರವೆ ಮುಚ್ಚೋಕೆ ಹೋಗಿ ಗೋಡೆಗೆ ಸುಣ್ಣ ಬಳಿದಂಗೆ ನುಣ್ಣಗೆ ಸಾರಿಸ್ತೈತೆ. ಗರಿಯ ಗೆರೆ ಅಳಿಸಿ ಹೋಗೋದು ಅಲ್ಲೇ.

ಇನ್ನು ನಾನು ಪರೀಕ್ಷೆ ಮಾಡೋ ರೀತಿ ಕೇಳಿ. ಹಳೇ ಪಂಚಾಂಗದ ಒಂದು ಹಾಳೆ ಕಾಂಪೌಂಡ್ ಗೋಡೆಗೆ ಅಂಟಿಸಿ ಅರವತ್ತು ಅಡಿ ದೂರ ನಿಂತೆ. 20, 40, 60 ಪಟ್ಟಿನಲ್ಲಿ ಒಂದೊಂದು ಚಿತ್ರ ತೆಗೆದು ಕಂಪ್ಯೂಟರಲ್ಲಿ ಒಂದೇ ಗಾತ್ರಕ್ಕೆ ತಂದು ನೋಡಿದೆ. ನಮ್ಮ ಕನ್ನಡ ಅಕ್ಷರಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ ಕಣ್ರಮ್ಮ. ವ, ಪ, ಷ ಮೂರೂ ಬೇರೆ ಬೇರೆ ಅಂತ ಗೊತ್ತಾಗಬೇಕು, ಒತ್ತಕ್ಷರ ಓದೋಕೆ ಬರಬೇಕು. 20ರಿಂದ 40ಕ್ಕೆ ಹೋದಾಗ ಅಕ್ಷರ ದೊಡ್ಡದೂ ಆಯ್ತು, ತಿಳಿಯೂ ಆಯ್ತು. 40ರಿಂದ 60ಕ್ಕೆ ಹೋದಾಗ ಬರೀ ದೊಡ್ಡದಾಯ್ತು. ಅಲ್ಲಿಗೆ ನಮ್ಮ ಕ್ಯಾಮೆರಾದ ನಿಜವಾದ ಜೂಮು 40 ಅಂತ ನಾನು ಲೆಕ್ಕ ಹಾಕ್ಕಂಡೆ.

ಎರಡನೇದು ಗರಿ ಅಂಚು. ಮೋಡದ ಬಿಳೀ ಆಕಾಶದ ಎದುರು ತೆಂಗಿನ ಗರಿ ತೆಗೆದ್ರೆ ಅಂಚಿಗೆ ನೇರಳೆ ಗೆರೆ ಬರ್ತೈತೆ. ಲೆನ್ಸು ಎಲ್ಲಾ ಬಣ್ಣದ ಬೆಳಕನ್ನೂ ಒಂದೇ ಜಾಗಕ್ಕೆ ತರಲಾರದೆ ಆಗೋ ದೋಷ ಅದು. ಗರಿ ರೋಗ ಅಂತ ಗಾಬರಿ ಬೀಳಬ್ಯಾಡಿ. ಮೂರನೇದು ಗಾಳಿ. ಮಲ್ಲಾಘಟ್ಟ ಕೆರೆ ಆಚೆ ದಡದ ಹಕ್ಕೀನ ಮಧ್ಯಾಹ್ನ ತೆಗೆದ್ರೆ ಎಂಥ ಕ್ಯಾಮೆರಾ ಆದ್ರೂ ಬಿಸಿಗಾಳೀಲಿ ಅಲ್ಲಾಡ್ತೈತೆ. ಬೆಳಿಗ್ಗೆ ಬಿಸಿಲೇರೋ ಮುಂಚೆ ತೆಗೆದು ನೋಡಿದ ಮೇಲೇ ಕ್ಯಾಮೆರಾನ ಬೈಯಬೇಕು. ನಾಲ್ಕನೇದು ನಂಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು. ಒಂದೇ ಗರೀನ ಮೂರು ಸಲ ತೆಗೀರಿ, ಒಂದೊಂದು ಸಲಕ್ಕೂ ಕ್ಯಾಮೆರಾ ವಸಿ ಪಕ್ಕಕ್ಕೆ ಸರಿಸಿ. ಗರಿ ಮೇಲೆ ನಿಜವಾಗಿ ಇರೋ ಚುಕ್ಕಿ ಮೂರರಲ್ಲೂ ಗರಿಯ ಅದೇ ಜಾಗದಲ್ಲಿ ಇರ್ತೈತೆ. ಕ್ಯಾಮೆರಾ ಚೆಲ್ಲಿದ ರವೆ ಜಾಗ ಬದಲಾಯಿಸ್ತೈತೆ.

ಈಗ ಇದು ಯಾಕೆ ಬೇಕು ಅಂದ್ರೆ, ಹೊಸ ಫೋನುಗಳು ಸಾರಿಸೋದಷ್ಟೇ ಅಲ್ಲ, ಬರೆದೂ ಕೊಡ್ತವೆ. 2023ರಲ್ಲಿ ಒಬ್ಬರು ಬೇಕಂತಲೇ ಮಸುಕು ಮಾಡಿದ ಚಂದ್ರನ ಚಿತ್ರಾನ ಕಂಪ್ಯೂಟರ್ ಪರದೆ ಮೇಲಿಟ್ಟು, ಕತ್ತಲಲ್ಲಿ ದೂರದಿಂದ ಜೂಮ್ ಫೋನಲ್ಲಿ ತೆಗೆದ್ರು. ಪರದೇಲಿ ಇಲ್ಲದ ಗುಂಡಿಗಳು ಫೋನಿನ ಚಿತ್ರದಲ್ಲಿ ಬಂದವು. ಚಂದ್ರ ಆದ್ರೆ ನಕ್ಕು ಸುಮ್ಮನಾಗಬಹುದು. ನಮ್ಮ ಮರದ ಗರಿ ಮೇಲೆ ಇಲ್ಲದ್ದನ್ನ ಬರೆದ್ರೆ, ಇಲ್ಲಾ ಇರೋದನ್ನ ಅಳಿಸಿದ್ರೆ?

ನಮ್ಮ ಪುಣ್ಯಕ್ಕೆ ಒಂದು ಅನುಕೂಲ ಐತೆ. ಸುರುಳಿ ಬಿಳಿ ನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಕಾಣಿಸಿಕೊಂಡು ಆಮೇಲೆ ನಮ್ಮ ಕಡೆಗೂ ಬಂತಲ್ಲ, ಅದು ಕೂರೋದು ಗರಿಯ ಕೆಳಮೈಲಿ. ಕಪ್ಪುತಲೆ ಹುಳ ಹಸಿರು ಕೆರೆದು ತಿನ್ನೋದೂ ಕೆಳಮೈಲೇ. ಕೆಳಗೆ ನಿಂತ ನಮಗೆ ಕಾಣೋದೂ ಅದೇ. 40 ಪಟ್ಟಿನಲ್ಲಿ, ಬೆಳಗಿನ ಬೆಳಕಲ್ಲಿ, ಕ್ಯಾಮೆರಾನ ಕಂಬಕ್ಕೆ ಒರಗಿಸಿ ತೆಗೆದ್ರೆ ನೊಣದ ಬಿಳೀ ಸುರುಳಿ, ಅದರ ಅಂಟು ಬಿದ್ದ ಗರಿ ಮೇಲಿನ ಕಾಡಿಗೆಯಂಥ ಕಪ್ಪು, ಹುಳ ಕಟ್ಟಿದ ಕಂದು ಬಲೆಯ ಗೆರೆ ಇವು ಬೇರೆ ಬೇರೆಯಾಗಿ ಗೊತ್ತಾಗ್ತವೆ. ಕಾಯಿಗೆ ಬರೋ ನುಸಿ ಮಾತ್ರ ಯಾವ ಜೂಮಿಗೂ ಸಿಗಲ್ಲ. ಅದು ಬರಿಗಣ್ಣಿಗೇ ಕಾಣದಷ್ಟು ಸಣ್ಣದು, ತೊಟ್ಟಿನ ಸಿಪ್ಪೆ ಅಡೀಲಿ ಇರ್ತೈತೆ. ಕಾಯಿ ಮೇಲಿನ ಕಂದು ಮಚ್ಚೆ ನೋಡಿ ತಿಳೀಬೇಕು ಅಷ್ಟೇ.

ಮೂರು ಚಿತ್ರಾನೂ ಒಂದೇ ಮಾತು ಹೇಳದೇ ಹೋದ್ರೆ ನಾನು ಯಾವ ಔಷಧೀನೂ ತರಲ್ಲ. ಮರ ಹತ್ತೋರು ಬರೋವರೆಗೂ ಕಾದು, ಒಂದು ಗರಿ ಕೆಡವಿಸಿ, ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಗರೀನೇ ತಗಂಡು ಹೋಗೋದು. ನೀವು ಕ್ಯಾಮೆರಾ ಕೊಳ್ಳೋಕೆ ಹೋದ್ರೆ ಚೀಲದಲ್ಲಿ ಒಂದು ಪಂಚಾಂಗದ ಹಾಳೆ ಇಟ್ಕಂಡು ಹೋಗಿ. ಅಂಗಡಿಯೋನು ನಗ್ತಾನೆ, ನಗಲಿ ಬಿಡಿ.