ಪರರ ಅಡುಗೆ, ತನ್ನ ಲೆಕ್ಕ: ಹೊರಗಿನ ಊಟದಲ್ಲಿ ಕ್ಯಾಲೊರಿ ಎಣಿಸುವ ಬಗೆ

ಬೊಜ್ಜು, ಮಧುಮೇಹ, ರಕ್ತದೊತ್ತಡಗಳ ಕಾರಣದಿಂದ ಉಣ್ಣುವ ಆಹಾರದ ಲೆಕ್ಕವಿಡುವಂತೆ ವೈದ್ಯರಿಂದ ಸೂಚನೆ ಪಡೆದವರು ಇಂದು ಊರೂರಿನಲ್ಲಿಯೂ ಇದ್ದಾರೆ. ಸ್ವಂತ ಅಡುಗೆಮನೆಯಲ್ಲಿ ಇದು ಕಷ್ಟವಲ್ಲ; ಒಂದು ತಕ್ಕಡಿ, ಒಂದು ಚಮಚ ಸಾಕು. ಆದರೆ ತುಮಕೂರಿನ ವಿದ್ಯಾರ್ಥಿನಿಲಯದಲ್ಲಿ ಉಣ್ಣುವವನಿಗೆ, ಗುಬ್ಬಿಯಿಂದ ನಿತ್ಯವೂ ರೈಲಿನಲ್ಲಿ ತುಮಕೂರಿಗೆ ಬಂದು ಖಾನಾವಳಿಯಲ್ಲಿ ಮಧ್ಯಾಹ್ನ ಕಳೆಯುವ ನೌಕರನಿಗೆ, ಕುಣಿಗಲ್ ಬಳಿಯ ಹೆದ್ದಾರಿ ಹೋಟೆಲುಗಳನ್ನೇ ನೆಚ್ಚಿದ ಲಾರಿ ಚಾಲಕನಿಗೆ ಒಲೆಯ ಮುಂದೆ ನಿಂತು ಎಣ್ಣೆ ಅಳೆಯುವ ಅವಕಾಶವಿಲ್ಲ. ಬಡಿಸಿದ್ದನ್ನು ನೋಡಿಯೇ ಅಂದಾಜು ಕಟ್ಟಬೇಕಾಗುತ್ತದೆ.

ಆಹಾರದಿಂದ ದೇಹಕ್ಕೆ ದೊರೆಯುವ ಶಕ್ತಿಯ ಅಳತೆಯೇ ಕ್ಯಾಲೊರಿ. ಪಿಷ್ಟ ಮತ್ತು ಸಸಾರಜನಕಗಳ ಪ್ರತಿ ಗ್ರಾಮಿಗೆ 4, ಕೊಬ್ಬಿನ ಪ್ರತಿ ಗ್ರಾಮಿಗೆ 9 ಎಂಬ ಸೂತ್ರವನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ಆಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ 2,110, ಅಂಥದೇ ಕೆಲಸದ 55 ಕಿಲೋ ತೂಕದ ಮಹಿಳೆಗೆ 1,660 ಕ್ಯಾಲೊರಿ ಬೇಕು. ಮೈಮುರಿದು ದುಡಿಯುವ ಪುರುಷನಿಗೆ ಇದು 3,470ಕ್ಕೆ ಏರುತ್ತದೆ. ಹೊಲದಲ್ಲಿ ದುಡಿದ ತಂದೆಯ ತಟ್ಟೆಯ ಅಳತೆಯನ್ನೇ ಕಚೇರಿಯ ಮಗನೂ ಮುಂದುವರಿಸಿದರೆ ಏನಾಗುವುದೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಉಗ್ರಾಣದ ಲೆಕ್ಕ

ಪರರು ಬೇಯಿಸಿದ ಊಟಕ್ಕೆ ಕ್ಯಾಲೊರಿ ಲೆಕ್ಕವನ್ನು ಶಿಸ್ತಾಗಿ ಅನ್ವಯಿಸಿರುವ ಉದಾಹರಣೆ ಜಿಲ್ಲೆಯ ಪ್ರತಿ ಸರ್ಕಾರಿ ಶಾಲೆಯಲ್ಲಿಯೂ ಇದೆ. ಅದು ಅಕ್ಷರ ದಾಸೋಹ. ಮಧ್ಯಾಹ್ನದ ಬಿಸಿಯೂಟದಲ್ಲಿ ಪ್ರಾಥಮಿಕ ಹಂತದ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಸಸಾರಜನಕ. ಹಿರಿಯ ಪ್ರಾಥಮಿಕ ಹಂತದ ಮಗುವಿಗೆ 700 ಕ್ಯಾಲೊರಿ, 20 ಗ್ರಾಂ ಸಸಾರಜನಕ ದೊರೆಯಬೇಕೆಂಬುದು ಯೋಜನೆಯ ನಿಯಮ. ಇದಕ್ಕಾಗಿ ಯಾರೂ ಮಗುವಿನ ತಟ್ಟೆಯನ್ನು ತೂಗುವುದಿಲ್ಲ. ಉಗ್ರಾಣದಿಂದ ತೆಗೆದ ಹಸಿ ಸಾಮಗ್ರಿಯನ್ನು ಉಣ್ಣುವ ತಲೆಗಳಿಂದ ಭಾಗಿಸಲಾಗುತ್ತದೆ. ಹಿರಿಯ ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಅಕ್ಕಿಯಿಂದ ಸುಮಾರು 534, ಬೇಳೆಯಿಂದ 99, ಎಣ್ಣೆಯಿಂದ 67. ತರಕಾರಿಯನ್ನು ಸೇರಿಸುವ ಮೊದಲೇ 700 ತುಂಬುತ್ತದೆ. ಇಲ್ಲಿ ಎಣಿಕೆಯ ಉದ್ದೇಶ ಮಗುವಿಗೆ ಕಡಿಮೆಯಾಗಬಾರದೆಂಬುದು. ಬೊಜ್ಜಿನವನ ಉದ್ದೇಶ ಇದಕ್ಕೆ ವಿರುದ್ಧವಾದರೂ ಗಣಿತ ಒಂದೇ.

ಬೆಂದ ಪದಾರ್ಥವನ್ನು ಬಿಟ್ಟು ಹಸಿ ಪದಾರ್ಥವನ್ನು ಎಣಿಸುವುದಕ್ಕೆ ಕಾರಣ ನೀರು. ನೀರು ತೂಕವನ್ನು ಹೆಚ್ಚಿಸುತ್ತದೆ, ಶಕ್ತಿಯನ್ನು ಹೆಚ್ಚಿಸುವುದಿಲ್ಲ. 100 ಗ್ರಾಂ ಅಕ್ಕಿ ಬೆಂದು ಎರಡೂವರೆಯಿಂದ ಮೂರು ಪಟ್ಟು ತೂಗಿದರೂ ಅದರಲ್ಲಿರುವುದು ಅಕ್ಕಿಯ 356 ಕ್ಯಾಲೊರಿಯೇ. ಆದ್ದರಿಂದ ವಿದ್ಯಾರ್ಥಿನಿಲಯದಲ್ಲಿಯೋ ಖಾನಾವಳಿಯಲ್ಲಿಯೋ ತಿಂಗಳುಗಟ್ಟಲೆ ಉಣ್ಣುವವರು ಅಡುಗೆಯವರನ್ನು ಒಮ್ಮೆ ವಿಚಾರಿಸುವುದು ಉತ್ತಮ: ಇಂದು ಎಷ್ಟು ಕಿಲೋ ಅಕ್ಕಿ, ಎಷ್ಟು ಲೀಟರ್ ಎಣ್ಣೆ, ಎಷ್ಟು ಕಾಯಿ, ಎಷ್ಟು ಜನ? ಈ ನಾಲ್ಕು ಸಂಖ್ಯೆಗಳಿಂದ ಸಿಗುವ ಸರಾಸರಿಯಷ್ಟು ವಿಶ್ವಾಸಾರ್ಹವಾದದ್ದು ಕಣ್ಣಂದಾಜಿನಿಂದ ಸಿಗದು. ಹಾಗೆ ಕೇಳುವುದಕ್ಕೆ ಸಂಕೋಚಪಡುವವರೇ ಹೆಚ್ಚು. ಕೇಳಿದರೆ ಬೇಸರಿಸುವ ಅಡುಗೆಯವರು ಮಾತ್ರ ವಿರಳ.

ಮುದ್ದೆ, ಸಾರು, ಕಾಯಿ

ಸಿದ್ಧಗಂಗಾ ಮಠದ ದಾಸೋಹದ ಪಂಕ್ತಿಯಲ್ಲಾಗಲಿ, ಕುಣಿಗಲ್ಲಿನ ನೆಂಟರ ಮನೆಯಲ್ಲಾಗಲಿ ಇಂಥ ವಿಚಾರಣೆ ಒಪ್ಪುವುದಿಲ್ಲ. ಅಲ್ಲಿ ನೆರವಿಗೆ ಬರುವುದು ಮುದ್ದೆ. ಮುದ್ದೆಯನ್ನು ಉಂಡೆ ಕಟ್ಟಿಯೇ ಬಡಿಸುವುದರಿಂದ ಅದು ತಾನೇ ಒಂದು ಅಳತೆ. ಎಷ್ಟು ಉಂಡೆವೆಂಬುದು ಮರೆಯುವುದಿಲ್ಲ. ಒಂದು ಅಳತೆ ಹಿಟ್ಟಿಗೆ ಸುಮಾರು ಎರಡು ಅಳತೆ ನೀರು ಹಿಡಿಯುವುದರಿಂದ 300 ಗ್ರಾಂ ತೂಗುವ ದೊಡ್ಡ ಮುದ್ದೆಯಲ್ಲಿ 100 ಗ್ರಾಮಿನಷ್ಟು ಹಿಟ್ಟು, ಅಂದರೆ 321 ಕ್ಯಾಲೊರಿ ಇರುತ್ತದೆ. ಮನೆಯಲ್ಲಿ ಒಮ್ಮೆ ಮುದ್ದೆ ತೂಗಿ ಅದರ ಗಾತ್ರವನ್ನು ತನ್ನ ಮುಷ್ಟಿಯೊಡನೆ ಹೋಲಿಸಿಟ್ಟುಕೊಂಡರೆ ಎಲ್ಲಿಯೂ ಉಪಯೋಗಕ್ಕೆ ಬರುತ್ತದೆ. ರಾಗಿ ತಿಂದರೆ ತೂಕ ಇಳಿಯುವುದೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಅಕ್ಕಿಗಿಂತ ಬಹಳ ಹೆಚ್ಚು ಎಂಬುದು ನಿಜ. ಆದರೆ ತೂಕಕ್ಕೆ ತೂಕ ನೋಡಿದರೆ ಕ್ಯಾಲೊರಿಯ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲು ಮಾತ್ರ. ಎರಡು ಮುದ್ದೆಯ ಮೇಲೆ ಅನ್ನವನ್ನೂ ಹಾಕಿಸಿಕೊಳ್ಳುವವರಿಗೆ ರಾಗಿ ರಕ್ಷೆಯಾಗದು.

ಲೆಕ್ಕ ತಪ್ಪುವುದು ಬಹುತೇಕ ಸಾರು, ಪಲ್ಯ, ಚಟ್ನಿಗಳಲ್ಲಿ. ಕಲ್ಪತರು ನಾಡಿನಲ್ಲಿ ಕಾಯಿಯಿಲ್ಲದ ಅಡುಗೆ ಅಪರೂಪ, ಮತ್ತು ಅರೆದ ಕಾಯಿ ಕಣ್ಣಿಗೆ ಕಾಣುವುದಿಲ್ಲ. ಹಸಿ ಕಾಯಿತುರಿ 100 ಗ್ರಾಮಿಗೆ 409 ಕ್ಯಾಲೊರಿ ಎಂದು ಪೋಷಣಾ ಸಂಸ್ಥೆಯ 2017ರ ಕೋಷ್ಟಕ ಹೇಳುತ್ತದೆ. ಅದೇ ಸಂಸ್ಥೆಯ ಹಳೆಯ ಪುಸ್ತಕದಲ್ಲಿ ಇದು 444. ಕೋಷ್ಟಕಗಳಲ್ಲಿಯೇ ಇಷ್ಟು ಅಂತರವಿರುವಾಗ ಒಂದೆರಡು ಅಂಕಿಗಳಿಗಾಗಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಆರು ಮಂದಿಯ ಸಾರಿಗೆ 150 ಗ್ರಾಂ ತುರಿ ಅರೆದಿದ್ದರೆ ತಲೆಗೆ ನೂರು ಕ್ಯಾಲೊರಿ. ಅದಕ್ಕೆ ಒಗ್ಗರಣೆಯ ಎಣ್ಣೆ ಒಂದು ಚಮಚ, ಅಂದರೆ 5 ಗ್ರಾಂ, ಬಿದ್ದರೆ 45 ಸೇರುತ್ತದೆ. ಪಾತ್ರೆಯ ಮೇಲೆ ತೇಲುವ ಜಿಡ್ಡು, ತಟ್ಟೆ ಬಳಿದ ಮೇಲೆ ಬೆರಳಿಗೆ ಅಂಟುವ ಪಸೆ, ಇವು ಎಣ್ಣೆಯ ಪ್ರಮಾಣಕ್ಕೆ ಒರಟಾದ, ಆದರೂ ಸುಳ್ಳಾಡದ ಸಾಕ್ಷಿಗಳು.

ಹೋಟೆಲುಗಳ ವಿಷಯ ಬೇರೆ. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಉಪಾಹಾರ ಮಂದಿರಗಳು ತಿಂಡಿಪಟ್ಟಿಯಲ್ಲಿ ಕ್ಯಾಲೊರಿಯನ್ನು ನಮೂದಿಸಬೇಕೆಂಬ ಕೇಂದ್ರದ ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಅಂಗಡಿಗಳಂಥ ಸಣ್ಣ ಹೋಟೆಲುಗಳಿಗೆ ಅದು ತಟ್ಟುವುದಿಲ್ಲ. ತಟ್ಟೆ ಇಡ್ಲಿಯೊಂದನ್ನು ಸಾಮಾನ್ಯ ಇಡ್ಲಿ ಎರಡು ಮೂರಕ್ಕೆ ಸಮವೆಂದು ಹಿಡಿಯಬಹುದು. ಮೇಲೆ ಇಟ್ಟ ಬೆಣ್ಣೆ 10 ಗ್ರಾಂ ಇದ್ದರೆ 70ಕ್ಕೂ ಹೆಚ್ಚು ಕ್ಯಾಲೊರಿ ಪ್ರತ್ಯೇಕ.

ಮದುವೆಯ ಪಂಕ್ತಿ

ಕಾಯಿ ಹೋಳಿಗೆ, ಬೇಳೆ ಹೋಳಿಗೆಗಳ ಲೆಕ್ಕ ಅನೇಕರನ್ನು ಬೆಚ್ಚಿಸುತ್ತದೆ. 30 ಗ್ರಾಂ ಮೈದಾ, 25 ಗ್ರಾಂ ಬೇಳೆ, 25 ಗ್ರಾಂ ಬೆಲ್ಲ, 10 ಗ್ರಾಂ ಎಣ್ಣೆ ಹಿಡಿದ ಬೇಳೆ ಹೋಳಿಗೆಯೊಂದರಲ್ಲಿ 368 ಕ್ಯಾಲೊರಿ. ಎರಡು ಚಮಚ ತುಪ್ಪ ಬಿದ್ದರೆ 458. ಅದು ಒಂದೂವರೆ ದೊಡ್ಡ ಮುದ್ದೆಗೆ ಸಾಟಿ. ಬಡಿಸುವವರ ಒತ್ತಾಯಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ನಮ್ಮಲ್ಲಿ ಅಗೌರವವಲ್ಲ, ಹಳೆಯ ರೂಢಿಯೇ. ಹೋಳಿಗೆ ಬೇಕಾದವರು ಅನ್ನವನ್ನು ಬಿಡಲಿ, ಎರಡನ್ನೂ ಬಿಡುವ ಪ್ರತಿಜ್ಞೆ ಮೂರನೆಯ ಮದುವೆಯವರೆಗೆ ಉಳಿಯುವುದಿಲ್ಲ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆಗಳನ್ನು ಬಳಸುವವರಿಗೆ ಪಂಕ್ತಿಯಲ್ಲಿ ಕ್ಯಾಲೊರಿಗಿಂತ ದೊಡ್ಡ ಅಪಾಯ ವಿಳಂಬ. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕಾದ ಇನ್ಸುಲಿನ್ನನ್ನು ಮನೆಯಲ್ಲಿಯೇ ತೆಗೆದುಕೊಂಡು ಹೊರಟವರಿಗೆ, ಮುಹೂರ್ತ ತಡವಾಗಿ ಮೂರನೆಯ ಪಂಕ್ತಿಯಲ್ಲಿ ಎಲೆ ಸಿಕ್ಕಿದರೆ, ನಡುವೆಯೇ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ಕೈ ನಡುಕ, ಎದೆಬಡಿತ, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಪ್ರಜ್ಞೆಯಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೆ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಔಷಧದ ಹೊತ್ತನ್ನು ಇಂಥ ದಿನಗಳಲ್ಲಿ ಹೇಗೆ ಬದಲಿಸಬೇಕೆಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳುವುದು, ಛತ್ರಕ್ಕೆ ಹೊರಡುವಾಗ ಜೇಬಿನಲ್ಲಿ ಸಕ್ಕರೆಯ ಪೊಟ್ಟಣವೊಂದನ್ನು ಇಟ್ಟುಕೊಳ್ಳುವುದು ಅಗತ್ಯ.