ರಕ್ತದ ಒಡಂಬಡಿಕೆ

ದೇವರಿಗೂ ಆತನ ಜನಕ್ಕೂ ನಡುವೆ ಬಲಿಯ ರಕ್ತವನ್ನೇ ಮುದ್ರೆಯಾಗಿಸಿ ಏರ್ಪಟ್ಟಿತೆಂದು ಕ್ರೈಸ್ತರು ನಂಬುವ ಸಂಬಂಧ. ಹೀಬ್ರೂ ನುಡಿಯಲ್ಲಿ ಒಡಂಬಡಿಕೆಯನ್ನು ಸಾಮಾನ್ಯವಾಗಿ ‘ಕಡಿಯುತ್ತಾರೆ’. ಬೈಬಲಿನ ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಅಬ್ರಾಮನು ಪಶುಗಳನ್ನು ಇಬ್ಭಾಗವಾಗಿ ಕಡಿದಿರಿಸಲು, ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಅವುಗಳ ನಡುವೆ ಹಾದುಹೋದುವೆಂಬ ವೃತ್ತಾಂತವನ್ನು ಓದಿದವರಿಗೆ ಈ ವಿಚಿತ್ರ ಪ್ರಯೋಗದ ಔಚಿತ್ಯ ಹೊಳೆಯದಿರದು.

ರಕ್ತದ ಒಡಂಬಡಿಕೆಯ ಪೂರ್ಣರೂಪವು ವಿಮೋಚನಕಾಂಡದ 24ನೆಯ ಅಧ್ಯಾಯದಲ್ಲಿದೆ. ಸೀನಾಯಿ ಬೆಟ್ಟದ ಬುಡದಲ್ಲಿ ಮೋಶೆಯು ಯಜ್ಞವೇದಿಯನ್ನೂ ಇಸ್ರಾಯೇಲಿನ 12 ಕುಲಗಳ ಹೆಸರಿನಲ್ಲಿ 12 ಕಂಬಗಳನ್ನೂ ನಿಲ್ಲಿಸಿ, ಹೋರಿಗಳ ರಕ್ತದಲ್ಲಿ ಅರ್ಧವನ್ನು ವೇದಿಯ ಮೇಲೆ ಎರಚಿ, ಒಡಂಬಡಿಕೆಯ ಗ್ರಂಥವನ್ನು ಓದಿ ಹೇಳಿ, ಜನರು ಸಮ್ಮತಿಸಿದ ಬಳಿಕವೇ ಉಳಿದರ್ಧವನ್ನು ಅವರ ಮೇಲೆ ಪ್ರೋಕ್ಷಿಸಿದನು. ಇಲ್ಲಿ ರಕ್ತವೆಂದರೆ ಮೃತ್ಯುವಲ್ಲ, ಪ್ರಾಣ. ಯಾಜಕಕಾಂಡವು ದೇಹಿಯ ಪ್ರಾಣವು ರಕ್ತದಲ್ಲಿದೆಯೆಂದು ಸಾರಿ, ಆ ಕಾರಣದಿಂದಲೇ ಅದರ ಸೇವನೆಯನ್ನು ನಿಷೇಧಿಸುತ್ತದೆ.

ಕಡೆಯ ಭೋಜನದಲ್ಲಿ ಯೇಸು ದ್ರಾಕ್ಷಾರಸದ ಪಾತ್ರೆಯನ್ನು ತನ್ನ ಒಡಂಬಡಿಕೆಯ ರಕ್ತವೆಂದು ಕರೆದು ಕುಡಿಯಲು ಕೊಟ್ಟಾಗ, ಈ ನಿಷೇಧದಲ್ಲಿ ಬೆಳೆದ ಯೆಹೂದಿ ಶಿಷ್ಯರಿಗೆ ಆ ಮಾತು ಎಷ್ಟು ದುಸ್ಸಹವಾಗಿದ್ದಿರಬೇಕು! ಇಬ್ರಿಯರಿಗೆ ಬರೆದ ಪತ್ರಿಕೆಯ ಪ್ರಕಾರ, ವರ್ಷವರ್ಷವೂ ಪುನರಾವೃತ್ತವಾಗುತ್ತಿದ್ದ ಪಶುಬಲಿಯು ಕ್ರಿಸ್ತನ ಏಕೈಕ ಆತ್ಮಾರ್ಪಣೆಯಿಂದ ನಿಂತಿತು. ಗ್ರೀಕಿನ ‘ದಿಯಾಥೇಕೆ’ ಪದಕ್ಕೆ ಒಡಂಬಡಿಕೆ, ಮರಣಶಾಸನ ಎಂಬೆರಡು ಅರ್ಥಗಳಿರುವುದು ಆ ಲೇಖಕನ ವಾದಕ್ಕೆ ಅನುಕೂಲವಾಯಿತು. ಕಡೆಯ ಭೋಜನದ ಆಚರಣೆಯಲ್ಲಿ ಪಾತ್ರೆಯಲ್ಲಿನ ರಸವು ನಿಜವಾಗಿ ರಕ್ತವೇ, ಬರಿಯ ಸಂಕೇತವೇ ಎಂಬ ವಿವಾದದಲ್ಲಿ ಮತಸುಧಾರಕರಾದ ಲೂಥರನೂ ತ್ಸ್ವಿಂಗ್ಲಿಯೂ 1529ರಲ್ಲಿ ಮಾರ್ಬುರ್ಗಿನಲ್ಲಿ ಕೂಡಿ ಚರ್ಚಿಸಿ, ಒಮ್ಮತಕ್ಕೆ ಬಾರದೆ ಅಗಲಿದರು.