ಬೀಡು, ಗೂಡಾರ, ಕ್ಯಾಂಪು

ಕಲ್ಯಾಣದಿಂದ ಕಸಾರಾದತ್ತ ಹೊರಟ ಲೋಕಲ್ ಗಾಡಿಗೆ ಮೊದಲು ಸಿಗುವ ನಿಲ್ದಾಣ ಶಹಾಡ್. ಅಲ್ಲಿ ಇಳಿದು ಉಲ್ಹಾಸನಗರಕ್ಕೆ ಹೋಗುವವರು ಊರಿನ ಹೆಸರನ್ನು ಹೇಳುವುದು ಅಪರೂಪ. 'ಕ್ಯಾಂಪ್ ಒಂದು', 'ಕ್ಯಾಂಪ್ ಮೂರು' ಎಂದರೆ ರಿಕ್ಷಾದವನಿಗೆ ಸಾಕು. ಈ ಕ್ಯಾಂಪುಗಳಲ್ಲಿ ಹುಡುಕಿದರೂ ಒಂದು ಡೇರೆ ಕಾಣದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೈನ್ಯದ ತಂಗುದಾಣವಿತ್ತು; ಸೈನ್ಯ ಹೋಯಿತು, ಹೆಸರು ನಿಂತಿತು. ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ಹೊಯ್ಸಳರ ದೋರಸಮುದ್ರ ಇಂದು ಹಳೇಬೀಡು. ಬೆಂಗಳೂರಿನ ಹಳಬರ ಬಾಯಲ್ಲಿ ಕಂಟೋನ್ಮೆಂಟು ಎಂದರೆ 'ದಂಡು'. ಸೈನ್ಯ ಇಳಿದ ಜಾಗಕ್ಕೆ ಅದೇ ಹೆಸರು ಅಂಟಿಕೊಳ್ಳುವುದು ನಮ್ಮ ನಾಡಿನಲ್ಲಿ ಹಳೆಯ ರೂಢಿ.

ಬೀಡು ಎಂಬುದು 'ಬಿಡು' ಎಂಬ ಧಾತುವಿನಿಂದ ಬಂದ ಪದ. ಎತ್ತಿನ ಕೊರಳು ಬಿಟ್ಟ ಸ್ಥಳ, ಹೊರೆ ಇಳಿಸಿದ ಸ್ಥಳ ಬೀಡು. ಬಿಡಾರವೂ ಅದೇ ಬಳಗದ್ದು. ಕಲ್ಯಾಣದ ಚಾಲುಕ್ಯರ ಶಾಸನಗಳು ಇದರಲ್ಲಿಯೇ ಎರಡು ಬಗೆಗಳನ್ನು ಬೇರ್ಪಡಿಸಿ ಹೇಳುತ್ತವೆ: ಅರಸನು ಸ್ಥಿರವಾಗಿ ನೆಲೆಸಿ ಆಳುವುದು 'ನೆಲೆವೀಡು', ದಂಡಯಾತ್ರೆಯ ನಡುವೆ ಇಳಿದದ್ದು 'ಅಪ್ಪಯಣದ ಬೀಡು'. ದಾನಶಾಸನವನ್ನು ಬರೆಯಿಸುವ ಗಳಿಗೆಯಲ್ಲಿಯೂ ಈ ಭೇದವನ್ನು ಕಾಪಾಡಿಕೊಂಡು ಬಂದರೆಂಬುದು ಗಮನಾರ್ಹ. ಗೂಡಾರವೆಂಬ ಮಾತು ಹಳೆಯ ಕಾವ್ಯಗಳ ಯುದ್ಧವರ್ಣನೆಗಳಿಂದ ಬಂದುದು. ಡೇರೆ, ರಾಹುಟಿ, ಕನಾತು, ಶಾಮಿಯಾನ, ಮೊಕ್ಕಾಮುಗಳು ಬಹಮನಿ, ಮೊಗಲ, ಮರಾಠ ದಂಡುಗಳ ಹಿಂದೆ ಬಂದು ಕನ್ನಡದಲ್ಲಿ ನೆಲೆಸಿದ ಮಾತುಗಳು. ಇಷ್ಟು ಪದಗಳು ಏಕೆ ಬೇಕಾದವು? ಪಯಣಗಳು ಒಂದೇ ಬಗೆಯವಾಗಿರಲಿಲ್ಲ. ಎಷ್ಟು ದಿನ, ಯಾವ ಋತು, ಹೊರುವವರು ಯಾರು, ಉಣಿಸುವವರು ಯಾರು ಎಂಬ ಲೆಕ್ಕದ ಮೇಲೆ ಬಟ್ಟೆಯ ಮನೆಯ ಆಯ್ಕೆ ನಿಂತಿತ್ತು. ಈ ಲೆಕ್ಕ ತಪ್ಪಿದಾಗ ದಂಡುಗಳೇ ಕೆಟ್ಟವು.

ಬೀಡಿನ ಅಚ್ಚುಕಟ್ಟನ್ನು ತಿಳಿಯಲು ಪೋರ್ಚುಗೀಸ್ ಕುದುರೆ ವರ್ತಕ ನೂನಿಜನ ವರದಿಯಂತಹ ಸಾಧನ ಮತ್ತೊಂದಿಲ್ಲ. 1520ರ ರಾಯಚೂರು ದಂಡಯಾತ್ರೆಯನ್ನು ಅವನು ವಿವರಿಸಿದ್ದಾನೆ. ಕೃಷ್ಣದೇವರಾಯನ ಗೂಡಾರದ ಸುತ್ತ ಮುಳ್ಳಿನ ಬೇಲಿ, ಅದಕ್ಕೆ ಒಂದೇ ಬಾಗಿಲು; ಪಾಳೆಯದೊಳಗೆ ನೇರವಾದ ಬೀದಿಗಳು, ಪ್ರತಿ ನಾಯಕನ ಪಾಲಿಗೂ ಒಂದೊಂದು ಪೇಟೆ. ಅಗಸರಿಗೆ ನೀರಿನ ಬಳಿಯೇ ಪ್ರತ್ಯೇಕ ಜಾಗ. ದಾರಿಯುದ್ದಕ್ಕೂ ನೀರು ಕೊಡಲು ಹತ್ತು ಹನ್ನೆರಡು ಸಾವಿರ ಮಂದಿ ನಿಂತಿದ್ದರೆಂದು ಅವನು ಹೇಳುತ್ತಾನೆ. ಸಂಖ್ಯೆಯನ್ನು ಯಥಾವತ್ತಾಗಿ ನಂಬಬೇಕಾಗಿಲ್ಲ. ನೂನಿಜನ ಅಂಕಿಗಳು ಧಾರಾಳವಾದವು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ರಾಯಚೂರು ಸೀಮೆಯನ್ನು ಮುತ್ತುವವನು ಡೇರೆಗಿಂತ ಮೊದಲು ನೀರನ್ನು ಯೋಚಿಸಬೇಕಾಗಿತ್ತೆಂಬುದನ್ನು ಆ ನೆಲವನ್ನು ಬಲ್ಲವರು ಒಪ್ಪುವರು.

ಮೊಗಲರ ರೀತಿ ಬೇರೆ. ಅವರಿಗೆ ಡೇರೆಯೇ ಅರಮನೆ. ಅಕ್ಬರನ ಪ್ರವಾಸದ ಬೀಡಾರವನ್ನು ಸಾಗಿಸಲು 100 ಆನೆ, 500 ಒಂಟೆ, 400 ಗಾಡಿಗಳು ಬೇಕಾಗುತ್ತಿದ್ದವೆಂದು ಅಬುಲ್ ಫಜಲನು 'ಐನ್-ಎ-ಅಕ್ಬರಿ'ಯಲ್ಲಿ ಬರೆದಿಟ್ಟಿದ್ದಾನೆ. ಇಂಥ ಸರಂಜಾಮು ಎರಡು ಜೊತೆ. ಬಾದಶಹನು ಒಂದರಲ್ಲಿ ಇರುವಾಗ ಮತ್ತೊಂದು ಮುಂದಿನ ಮೊಕ್ಕಾಮಿಗೆ ಹೋಗಿ ಎದ್ದು ನಿಂತಿರುತ್ತಿತ್ತು. ಈ ಪದ್ಧತಿ ದಕ್ಷಿಣಕ್ಕೂ ಬಂತು. ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿರುವ ಕೃಷ್ಣಾತೀರದ ಗಲಗಲಿಯಲ್ಲಿ ಔರಂಗಜೇಬನು ಇಳಿದಿದ್ದಾಗ, 1695ರಲ್ಲಿ ಅವನನ್ನು ಕಂಡ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಆ ಪಾಳೆಯದ ಸುತ್ತಳತೆ ಮೂವತ್ತು ಮೈಲಿ ಎಂದಿದ್ದಾನೆ. ಮೂವತ್ತು ಮೈಲಿಯ ಊರು ಹುಲ್ಲಿಗೂ ಸೌದೆಗೂ ಎಷ್ಟು ಹಳ್ಳಿಗಳನ್ನು ಬೋಳಿಸಿರಬೇಕೆಂಬುದನ್ನು ಆ ಕಾಲದ ಬರಹಗಾರರು ಲೆಕ್ಕಕ್ಕೆ ಹಿಡಿಯಲಿಲ್ಲ.

ಇದರ ಎದುರಿಗೆ ಇಡಬೇಕಾದುದು ಕಂಬಳಿ. ಹತ್ತಿಯ ಡೇರೆ ನೆನೆದರೆ ನೀರು ಕುಡಿದು ತೂಕ ಏರುತ್ತದೆ. ಹೊರುವ ಎತ್ತು ಅದೇ ದಿನ ಕುಗ್ಗುತ್ತದೆ. ಕುರುಬರು ಹುಣಸೆಬೀಜದ ಗಂಜಿ ಹಚ್ಚಿ ನೇಯ್ದ ಕರಿಯ ಕಂಬಳಿ ನೆನೆದರೂ ಬೆಚ್ಚಗಿರುತ್ತದೆ. ನಡೆಯುವಾಗ ಕೊಪ್ಪೆ, ಮಲಗುವಾಗ ಹಾಸಿಗೆ, ಎರಡು ಕೋಲು ನೆಟ್ಟರೆ ಮಾಡು. ಹೊರಲು ಹೆಗಲೊಂದೇ ಸಾಕು. ಶಿವಾಜಿಯ ಸೈನ್ಯದ ಬಲವಿದ್ದುದು ಇಂಥ ಹಗುರತನದಲ್ಲಿ. ದಸರೆಗೆ ಹೊರಟು ಮಳೆಗಾಲಕ್ಕೆ ಛಾವಣಿಗೆ ಮರಳಬೇಕು, ದಂಡಿನಲ್ಲಿ ಹೆಂಗಸರು ಕೂಡದು ಎಂಬ ಕಟ್ಟಳೆಗಳನ್ನು ಸಭಾಸದನ ಬಖರು ನಮೂದಿಸುತ್ತದೆ. ಮೈಸೂರಿನ ಹೈದರನು ಅದೇ ವೇಗವನ್ನು ಎತ್ತುಗಳಿಂದ ಪಡೆದನು. ಮುಂದೆ ಅಮೃತಮಹಲ್ ಎಂದು ಹೆಸರಾದ ತಳಿಯ ಬಲದಿಂದ ಅವನು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಹೋದನೆಂದು ಮೈಸೂರು ಗೆಜೆಟಿಯರು ಹೇಳುತ್ತದೆ.

ಹಗುರವೇ ಸರಿ, ಭಾರವೇ ತಪ್ಪು ಎಂದು ತೀರ್ಮಾನಿಸುವವರಿಗೆ 1791ರ ಮೇ ತಿಂಗಳು ಉತ್ತರ ಕೊಡುತ್ತದೆ. ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಅರಕೆರೆಯಲ್ಲಿ ಗೆದ್ದನು. ಆದರೆ ಮುತ್ತಿಗೆ ಹಾಕಲಾಗಲಿಲ್ಲ. ಮಳೆ ಹಿಡಿಯಿತು, ಮೇವಿಲ್ಲದೆ ದನಗಳು ಸತ್ತವು, ಅಕ್ಕಿ ಮುಗಿಯುತ್ತ ಬಂತು. ಎಳೆಯುವ ಎತ್ತುಗಳಿಲ್ಲದುದರಿಂದ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ಇಂಗ್ಲಿಷರು ತಾವೇ ಒಡೆದುಹಾಕಿ ಹಿಂದಿರುಗಿದರು. ಸೋತು ಹಸಿದು ಬರುತ್ತಿದ್ದ ಈ ದಂಡಿಗೆ ಮೇಲುಕೋಟೆಯ ಸಮೀಪದಲ್ಲಿ ಎದುರಾದುದು ಹರಿಪಂತ ಫಡಕೆ, ಪರಶುರಾಮಭಾವು ಪಟವರ್ಧನರ ಮರಾಠ ಸೈನ್ಯ. ಶಿವಾಜಿಯ ಕಟ್ಟಳೆಗಳು ಆ ಹೊತ್ತಿಗೆ ನೆನಪಿನ ಮಾತಾಗಿದ್ದವು. ಮರಾಠರು ಒಂದು ಪೇಟೆಯನ್ನೇ ಹೊತ್ತು ತಂದಿದ್ದರು. ಇಂಗ್ಲೆಂಡಿನ ಬನಾತು, ಬರ್ಮಿಂಗಹಾಮಿನ ಚಾಕು, ಕಾಶ್ಮೀರದ ಶಾಲು, ಆಭರಣ, ಕುರಿಕೋಳಿ ಎಲ್ಲವೂ ಅಲ್ಲಿ ಮಾರಾಟಕ್ಕಿದ್ದುದನ್ನು ಇತಿಹಾಸಕಾರ ವಿಲ್ಕ್ಸ್ ಬೆರಗಿನಿಂದ ವರ್ಣಿಸುತ್ತಾನೆ. ಪೂರ್ವದೇಶಗಳ ನಾಣ್ಯಗಳನ್ನೆಲ್ಲ ಹರಡಿಕೊಂಡು ಸರಾಫರೂ ಮೇಜು ಹಾಕಿ ಕುಳಿತಿದ್ದರಂತೆ. ಅಂಥ ಕೆಸರಿನಲ್ಲಿಯೂ ಹಣದ ವಿನಿಮಯ ನಿಲ್ಲಲಿಲ್ಲವೆಂಬುದು ಲೇವಾದೇವಿಯ ಇತಿಹಾಸವನ್ನು ಬರೆಯುವವರು ಮರೆಯಬಾರದ ಸಂಗತಿ. ದರವಂತೂ ಮಾರುವವರು ಹೇಳಿದ್ದೇ. ಆದರೂ ಇಂಗ್ಲಿಷ್ ಸೈನ್ಯವನ್ನು ಆ ವಾರ ಉಳಿಸಿದುದು ಯುದ್ಧಪಂಡಿತರು ನಗುತ್ತಿದ್ದ ಆ ಭಾರವೇ ಎಂಬುದರಲ್ಲಿ ಸಂದೇಹವಿಲ್ಲ. ಮುಂದಿನ ವರ್ಷದ ದಂಡಯಾತ್ರೆಗೆ ಕಾರ್ನ್‌ವಾಲಿಸನು ಧಾನ್ಯ ಹೊರುವ ಲಂಬಾಣಿಗರನ್ನು ಮೊದಲೇ ಗೊತ್ತುಮಾಡಿಕೊಂಡನು.

ಟಿಪ್ಪುವಿನ ಒಂದು ಡೇರೆ ಇಂದಿಗೂ ಉಳಿದಿದೆ. ಬಿಳಿಯ ನೆಲದ ಹತ್ತಿಬಟ್ಟೆಯ ಮೇಲೆ ಹೂಗಿಡಗಳ ಛೀಟಿನ ಕೆಲಸ. ಬಟ್ಟೆ ಹದಿನೆಂಟನೆಯ ಶತಮಾನದ ಮೊದಲರ್ಧದ್ದು, ಎಂದರೆ ಟಿಪ್ಪುವಿಗಿಂತ ಹಳೆಯದು. 1799ರ ಅನಂತರ ಅದು ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಮನೆತನದ ಕೈಸೇರಿ, ವೇಲ್ಸ್ ದೇಶದ ಪೊವಿಸ್ ಕೋಟೆಗೆ ಹೋಯಿತು. ಅಲ್ಲಿ ತೋಟದ ಔತಣಕೂಟಗಳಿಗೆ ಅದನ್ನು ಚಪ್ಪರವಾಗಿ ಕಟ್ಟುತ್ತಿದ್ದರು.

ಶಹಾಡಿನ ನೆರೆಯ ಬೀಡಿನ ಕಥೆಗೆ ಬಟ್ಟೆಯ ಆಯ್ಕೆ ಸೇರಿಲ್ಲ. ಅಲ್ಲಿ ಕಟ್ಟಿದುದು ಎರಡು ಸಾವಿರಕ್ಕೂ ಮಿಕ್ಕಿದ ಬ್ಯಾರಕ್ಕುಗಳನ್ನು. ನಡುವೆ ಉದ್ದನೆಯ ಹಜಾರ, ಎರಡು ತುದಿಗೆ ಕೋಣೆಗಳು. ಯುದ್ಧ ಮುಗಿಯುವವರೆಗೆ ಬಂದು ಹೋಗುವ ಸಿಪಾಯಿಗಳಿಗೆ ಅಷ್ಟು ಸಾಕೆಂದು ಎಣಿಸಿದ್ದರು. ಕಲ್ಯಾಣ ಕ್ಯಾಂಪ್ ಎಂದೇ ಅದರ ಹೆಸರು. 1947ರ ವಿಭಜನೆಯ ಅನಂತರ ಸಿಂಧಿನಿಂದ ಬಂದ ಸುಮಾರು ಒಂದು ಲಕ್ಷ ನಿರಾಶ್ರಿತರನ್ನು ಆ ಹಜಾರಗಳಲ್ಲಿ ಇಳಿಸಲಾಯಿತು. ಒಂದೊಂದರಲ್ಲಿ ಹಲವು ಸಂಸಾರಗಳು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಶಿಲಾನ್ಯಾಸ ಮಾಡಿದಾಗ ಉಲ್ಹಾಸ ನದಿಯ ಹೆಸರು ಊರಿಗೆ ಬಂತು. ಅಪ್ಪಯಣದ ಬೀಡು ನೆಲೆವೀಡಾದುದು ಹೀಗೆ. ಆಮೇಲೆ ಕಾರ್ಖಾನೆ, ಕಚೇರಿಗಳ ಕೆಲಸಕ್ಕೆಂದು ಈ ಹಳಿಯ ಉದ್ದಕ್ಕೂ ನಾನಾ ಭಾಷೆಯ ಜನ, ಅವರೊಂದಿಗೆ ಕನ್ನಡಿಗರೂ, ನಾಲ್ಕು ವರ್ಷವೆಂದು ಬಂದು ಬಿಡಾರ ಹೂಡಿದರು. ಹಳೆಯ ಬ್ಯಾರಕ್ಕುಗಳು ಹಲವೆಡೆ ಉರುಳಿ ಅವುಗಳ ಜಾಗದಲ್ಲಿ ಮಹಡಿಗಳು ಎದ್ದಿವೆ. ಅಲ್ಲಿಗೆ ಹೋಗುವ ಕಾಗದಗಳ ಮೇಲೆ ಇಂದಿಗೂ ಬ್ಯಾರಕ್ಕಿನ ನಂಬರು ಬರೆದಿರುವುದನ್ನು ಕಾಣಬಹುದು.